ಟೈಮ್‌ಶೇರ್ ರೆಸಾರ್ಟಿನ "ಫ್ರೀ ವ್ಯಾಲೆ ಪಾರ್ಕಿಂಗ್"ಗೆ ದುಡ್ಡು ಕೊಡೋರು ಯಾರು? ಸೈನ್ ಹಾಕೋ ಮುಂಚೆ ಹೀಗೆ ಲೆಕ್ಕ ಹಾಕಿ

ಕಳೆದ ಥ್ಯಾಂಕ್ಸ್‌ಗಿವಿಂಗ್ ವಾರ ಅಟ್ಲಾಂಟಾದಿಂದ ಒರ್ಲ್ಯಾಂಡೊಗೆ ಏಳು ಗಂಟೆ ಡ್ರೈವ್ ಮಾಡ್ಕೊಂಡು ಹೋದ್ವಿ, ಊರಿಂದ ಬಂದಿದ್ದ ಅಪ್ಪ ಅಮ್ಮ ಹಿಂದಿನ ಸೀಟಲ್ಲಿ, ಅವರ ಮಧ್ಯೆ ಕಾರ್ ಸೀಟಲ್ಲಿ ನಿದ್ದೆ ಹೋಗಿದ್ದ ಮಗಳು, ರೆಸಾರ್ಟ್ ಬಾಗಿಲ ಮುಂದೆ ಗಾಡಿ ನಿಲ್ಸಿದ್ದೇ ತಡ ಒಬ್ಬ ಹುಡುಗ ಓಡಿ ಬಂದು ಡೋರ್ ತೆಗೆದು ಅಪ್ಪನ ಕೈ ಹಿಡ್ದು ಇಳಿಸಿ, "ವ್ಯಾಲೆ ಫ್ರೀ ಸರ್, ಗಾಡಿ ನಾನೇ ನಿಲ್ಸಿ ಬೇಕಾದಾಗ ತಂದ್ಕೊಡ್ತೀನಿ, ನೀವು ಆರಾಮಾಗಿ ಒಳಗೆ ಹೋಗಿ" ಅಂತ ಕೀ ಇಸ್ಕೊಂಡು ಅರ್ಧ ಹರಿದ ಚೀಟಿ ಕೈಗೆ ಕೊಟ್ಟ. ಅಷ್ಟು ದೂರದಿಂದ ಸುಸ್ತಾಗಿ ಬಂದಿರ್ತೀವಲ್ಲ, ಆ ಹೊತ್ತಿಗೆ ಅದು ತುಂಬಾ ಹಿತವಾಗಿರುತ್ತೆ. ಅಪ್ಪ ಅಂತೂ "ಏನ್ ಮರ್ಯಾದೆ ಕೊಡ್ತಾರಪ್ಪ ಇಲ್ಲಿ" ಅಂತ ಲಿಫ್ಟ್ ಹತ್ತೋವರೆಗೂ ಹೇಳ್ತಾನೇ ಇದ್ರು.

ಮಾರನೇ ದಿನ ಬೆಳಗ್ಗೆ ತಿಂಡಿ ಕೊಡ್ತೀವಿ ಅಂತ ಕರೆದ, ರೆಸಾರ್ಟಲ್ಲಿ ವರ್ಷಕ್ಕೊಂದು ವಾರದ ಟೈಮ್‌ಶೇರ್ ಮಾರೋ ಸೇಲ್ಸ್ ಮೀಟಿಂಗಲ್ಲಿ ಅದೇ ವ್ಯಾಲೆ ಮತ್ತೆ ಬಂತು. ಓನರ್ ಆಗಿ, ಜೀವನ ಪೂರ್ತಿ ವ್ಯಾಲೆ ಫ್ರೀ, ಹೊರಗಡೆ ಹೋಟೆಲಲ್ಲಿ ರಾತ್ರಿಗೆ 30-40 ಡಾಲರ್ ಕೊಡ್ತೀರಲ್ಲ ಅದೆಲ್ಲ ಉಳಿತಾಯ ಅಂತ ಪೇಪರ್ ಮೇಲೆ ಬರೆದು ತೋರ್ಸಿದ್ರು. ನಮ್ಮ ಜೊತೆ ಬಂದಿದ್ದ ಫ್ರೆಂಡ್ ಫ್ಯಾಮಿಲಿ ಪಕ್ಕದ ಟೇಬಲಲ್ಲಿ ಸೈನ್ ಹಾಕೇ ಬಿಟ್ರು. ಆ ರಾತ್ರಿ ನಾನು ನ್ಯೂಜೆರ್ಸಿಲಿರೋ ನಮ್ಮ ಭಾವನಿಗೆ ಫೋನ್ ಮಾಡ್ದೆ, ಅವ್ರು ಹನ್ನೆರಡು ವರ್ಷದಿಂದ ಒಂದು ಟೈಮ್‌ಶೇರ್ ವಾರ ಇಟ್ಕೊಂಡಿದಾರೆ. ಭಾವ ಹೇಳಿದ್ದು ಒಂದೇ ಮಾತು: "ಫ್ರೀ ಅನ್ನೋದನ್ನ ಬಿಟ್ಹಾಕು, ಆ ಹುಡುಗನ ಸಂಬಳ ಯಾರ ಬಿಲ್ಲಲ್ಲಿ ಬರುತ್ತೆ ಅಂತ ಕೇಳು." ಅವ್ರ ಜೊತೆ ಕೂತು ಕಲಿತಿದ್ದನ್ನ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ, ಯಾಕಂದ್ರೆ ನಮ್ಮ ಜನ ಈ ಟೇಬಲ್‌ಗಳ ಮುಂದೆ ಕೂರೋದು ವರ್ಷ ವರ್ಷ ಜಾಸ್ತಿ ಆಗ್ತಿದೆ, ಅದ್ರಲ್ಲೂ ಅಪ್ಪ ಅಮ್ಮ ಊರಿಂದ ಬಂದಾಗ.

1. ಮೊದಲು ಇದು ಯಾವ ಥರದ ಫ್ರೀ ಅಂತ ತಿಳ್ಕೊಳ್ಳಿ

ಟೈಮ್‌ಶೇರ್ ಅಂದ್ರೆ ರೆಸಾರ್ಟಲ್ಲಿ ವರ್ಷಕ್ಕೆ ಒಂದು ವಾರ ಅಥವಾ ಅಷ್ಟಕ್ಕೆ ಸಮವಾದ ಪಾಯಿಂಟ್ಸ್ ಕೊಂಡ್ಕೊಳ್ಳೋದು. ಕೊಂಡ ಮೇಲೆ ಪ್ರತಿ ವರ್ಷ ಮೇಂಟೆನೆನ್ಸ್ ಫೀ ಕಟ್ಬೇಕು, ಹೋದ್ರೂ ಕಟ್ಬೇಕು ಹೋಗ್ದಿದ್ರೂ ಕಟ್ಬೇಕು, ಅದು ವರ್ಷಕ್ಕೆ ಸಾವಿರ ಡಾಲರ್ ದಾಟೋದು ಈಗ ಮಾಮೂಲಿ. ರೆಸಾರ್ಟಿನ ಲೈಟ್ ಬಿಲ್ಲು, ಸ್ವಿಮ್ಮಿಂಗ್ ಪೂಲು, ಹುಲ್ಲು ಕತ್ತರಿಸೋದು, ಮುಂಬಾಗಿಲಲ್ಲಿ ನಿಂತಿರೋ ಹುಡುಗ, ಎಲ್ಲದಕ್ಕೂ ದುಡ್ಡು ಬರೋದು ಹೆಚ್ಚಾಗಿ ಅದರಿಂದನೇ.

ಹಾಗಾಗಿ ವ್ಯಾಲೆ ಫ್ರೀ ಅಂದಾಗ ಕೇಳ್ಬೇಕಾದ್ದು, ಇದು ಎಲ್ಲ ಓನರ್‌ಗಳ ಮೇಂಟೆನೆನ್ಸ್ ಫೀಲಿ ಸೇರಿರೋದಾ, ಇಲ್ಲ ಜಾಸ್ತಿ ಪಾಯಿಂಟ್ಸ್ ಇರೋ ಮೇಲಿನ ಲೆವೆಲ್ ಓನರ್‌ಗಳಿಗೆ ಮಾತ್ರ ಕಂಪನಿ ಕೊಡೋ ಸವಲತ್ತಾ ಅಂತ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲ್ನೇದು ನೀವೇ ಕೊಡ್ತಿರೋ ದುಡ್ಡು. ಎರಡನೇದು ಇನ್ನೂ ಜಾಸ್ತಿ ಪಾಯಿಂಟ್ಸ್ ಕೊಳ್ಳೋಕೆ ತೋರ್ಸೋ ಆಸೆ. ಇನ್ನೊಂದು ವಿಷಯ, ಬೇರೆ ಓನರ್ ಹತ್ರ ಕಡಿಮೆ ಬೆಲೆಗೆ ರೀಸೇಲಲ್ಲಿ ತಗೊಂಡ ಪಾಯಿಂಟ್ಸ್‌ನ ಎಷ್ಟೋ ಟೈಮ್‌ಶೇರ್ ಕಂಪನಿಗಳು ಈ ಲೆವೆಲ್‌ಗೆ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ, ಕಂಪನಿ ಹತ್ರನೇ ಪೂರ್ತಿ ಬೆಲೆ ಕೊಟ್ಟು ತಗೊಂಡ್ರೆ ಮಾತ್ರ.

ಜಾಗನೂ ನೋಡಿ. ಒರ್ಲ್ಯಾಂಡೊ ಕಡೆ ಭೂಮಿ ವಿಶಾಲ, ಹೆಚ್ಚಿನ ಟೈಮ್‌ಶೇರ್ ರೆಸಾರ್ಟ್‌ಗಳಿಗೆ ದೊಡ್ಡ ದೊಡ್ಡ ಪಾರ್ಕಿಂಗ್ ಲಾಟ್ ಇದೆ, ನೀವೇ ನಿಲ್ಸಿ ಮೂರು ನಿಮಿಷ ನಡೆದ್ರೆ ಮುಗೀತು. ಅಲ್ಲಿ ವ್ಯಾಲೆ ಇಲ್ದಿದ್ರೂ ಏನೂ ಕೊರತೆ ಆಗಲ್ಲ. ಹವಾಯಿಯ ವೈಕೀಕಿ ಥರದ ಇಕ್ಕಟ್ಟಾದ ಜಾಗದಲ್ಲಿ ಕಥೆನೇ ಬೇರೆ, ಅಲ್ಲಿ ಒಂದು ರಾತ್ರಿ ಪಾರ್ಕಿಂಗಿಗೇ 50 ಡಾಲರ್ ದಾಟೋ ಹೋಟೆಲ್‌ಗಳಿವೆ, ಅಂಥ ಕಡೆ ವ್ಯಾಲೆ ನಿಜವಾಗ್ಲೂ ಸೇರಿದ್ರೆ ಅದಕ್ಕೆ ಬೆಲೆ ಇದೆ.

2. ಬಜೆಟ್ ಶೀಟ್ ತರಿಸ್ಕೊಳ್ಳಿ

ಸೇಲ್ಸ್‌ನವರ ಬಣ್ಣದ ಪುಸ್ತಕ ಅಲ್ಲ, ಓನರ್ಸ್ ಅಸೋಸಿಯೇಶನ್ನಿನ ವಾರ್ಷಿಕ ಬಜೆಟ್. ಫ್ಲೋರಿಡಾದಲ್ಲಿ ಟೈಮ್‌ಶೇರ್ ಕಾನೂನು ಅಂದ್ರೆ ರಾಜ್ಯದ ಕಾಯ್ದೆಗಳಲ್ಲಿ 721ನೇ ಅಧ್ಯಾಯ, ಅದರ ಪ್ರಕಾರ ಕೊಳ್ಳೋರಿಗೆ ಪಬ್ಲಿಕ್ ಆಫರಿಂಗ್ ಸ್ಟೇಟ್‌ಮೆಂಟ್ ಅನ್ನೋ ದಪ್ಪನೆ ದಾಖಲೆ ಕೊಡಲೇಬೇಕು, ಅದರೊಳಗೆ ಖರ್ಚಿನ ಅಂದಾಜು ಬಜೆಟ್ ಇರುತ್ತೆ. ನಮ್ಮ ಫ್ರೆಂಡಿಗೆ ಅದನ್ನ ಕೊಟ್ಟಿದ್ದು ಪೆನ್ ಡ್ರೈವಲ್ಲಿ, ಸೈನ್ ಹಾಕಿದ ಮೇಲೆ ಗಿಫ್ಟ್ ಬ್ಯಾಗ್ ಒಳಗೆ ಹಾಕಿ. ಪೇಪರಲ್ಲೇ ಬೇಕು ಅಂತ ಕೇಳಿ, ಅಲ್ಲೇ ಕೂತು ಬಜೆಟ್ ಪುಟ ತೆಗೆದು ನೋಡಿ, ಯಾರೂ ಬೇಡ ಅನ್ನೋ ಹಾಗಿಲ್ಲ.

ಅದರಲ್ಲಿ "ವ್ಯಾಲೆ" ಅಂತ ನೇರವಾಗಿ ಬರೆದಿರೋದು ಅಪರೂಪ. ಭಾವ ಅವ್ರ ರೆಸಾರ್ಟಿನ ಶೀಟ್ ಫೋಟೋ ತೆಗೆದು ಕಳ್ಸಿದ್ರು, ಒಂದು ಪುಟ, ಇಪ್ಪತ್ತು ಚಿಲ್ರೆ ಸಾಲು, ವ್ಯಾಲೆ ಅನ್ನೋ ಪದ ಎಲ್ಲೂ ಇಲ್ಲ. ಫ್ರಂಟ್ ಡೆಸ್ಕ್ ಅನ್ನೋ ಸಾಲಿನ ಕೆಳಗೆ ಗೆಸ್ಟ್ ಸರ್ವೀಸಸ್ ಅಂತ ಇನ್ನೊಂದು ಸಾಲು, ಅದು ಹಿಂದಿನ ವರ್ಷಕ್ಕಿಂತ ಯಾಕಿಷ್ಟು ಏರಿದೆ ಅಂತ ಅವ್ರು ಅಸೋಸಿಯೇಶನ್ನಿಗೆ ಇಮೇಲ್ ಮಾಡಿ ಕೇಳಿದಾಗ ಗೊತ್ತಾಗಿದ್ದು, ವ್ಯಾಲೆ ಕಂಪನಿ ಕಾಂಟ್ರ್ಯಾಕ್ಟ್ ಹೊಸದಾಗಿ ಬರೆದಿದಾರೆ, ಆ ಖರ್ಚು ಅಲ್ಲಿ ಕೂತಿದೆ ಅಂತ. ಬೆಲ್ ಸರ್ವೀಸ್, ಸೆಕ್ಯೂರಿಟಿ, ಟ್ರಾನ್ಸ್‌ಪೋರ್ಟೇಶನ್, ಇಂಥ ಸಾಲುಗಳನ್ನೂ ಬಿಡ್ದೆ ಕೇಳಿ.

3. ಆಳಿನ ಲೆಕ್ಕ ಹಾಕಿ

ಇದೇ ಮುಖ್ಯವಾದ ಭಾಗ, ಕ್ಯಾಲ್ಕುಲೇಟರ್ ಇಟ್ಕೊಂಡು ಓದಿ. ವ್ಯಾಲೆ ಅಂದ್ರೆ ಜನ. ದಿನಕ್ಕೆ 24 ಗಂಟೆ, ವರ್ಷಕ್ಕೆ 8,760 ಗಂಟೆ ಒಬ್ಬ ಅಲ್ಲಿ ನಿಂತಿರ್ಬೇಕು ಅಂದ್ರೆ ಒಬ್ಬನ ಕೈಲಿ ಆಗಲ್ಲ, ವಾರಕ್ಕೆ 168 ಗಂಟೆ, ಒಬ್ಬೊಬ್ಬರು 40 ಗಂಟೆ ಕೆಲಸ ಮಾಡಿದ್ರೆ ಒಂದು ಜಾಗಕ್ಕೇ ನಾಲ್ಕಕ್ಕಿಂತ ಜಾಸ್ತಿ ಜನ ಬೇಕು. ಒಬ್ಬ ಗಾಡಿ ತರೋಕೆ ಹೋದಾಗ ಇನ್ನೊಬ್ಬ ಬಾಗಿಲಲ್ಲಿ ಇರ್ಬೇಕಲ್ಲ, ಹಾಗಾಗಿ ಕನಿಷ್ಠ ಇಬ್ಬರು, ಅಂದ್ರೆ ವರ್ಷಕ್ಕೆ 17,520 ಗಂಟೆ.

ಗಂಟೆಗೆ ಎಷ್ಟು? ಫ್ಲೋರಿಡಾದಲ್ಲಿ 2025ರ ಸೆಪ್ಟೆಂಬರ್ 30ರಿಂದ ಕನಿಷ್ಠ ಕೂಲಿ 14 ಡಾಲರ್, ಟಿಪ್ಸ್ ಬರೋ ಕೆಲಸದವರಿಗೆ ಮಾಲೀಕರು ಅದರಲ್ಲಿ 3.02 ಡಾಲರ್ ಕಡಿಮೆ ಕೊಡಬಹುದು. ಅದರ ಮೇಲೆ ಮಾಲೀಕರ ಪಾಲಿನ ಪೇರೋಲ್ ಟ್ಯಾಕ್ಸ್ 7.65 ಪರ್ಸೆಂಟ್, ಕೆಲಸದಲ್ಲಿ ಪೆಟ್ಟಾದ್ರೆ ಇನ್ಶೂರೆನ್ಸ್, ಗಾಡಿಗೆ ಏನಾದ್ರೂ ಆದ್ರೆ ಇನ್ನೊಂದು ಇನ್ಶೂರೆನ್ಸ್, ಯೂನಿಫಾರ್ಮು, ಸೂಪರ್‌ವೈಸರು, ಹೊರಗಿನ ಕಂಪನಿಗೆ ಕಾಂಟ್ರ್ಯಾಕ್ಟ್ ಕೊಟ್ಟಿದ್ರೆ ಅವರ ಲಾಭ. ಎಲ್ಲ ಸೇರಿ ಗಂಟೆಗೆ 18 ಡಾಲರ್ ಅಂತ ಇಟ್ಕೊಳ್ಳೋಣ, ಇದು ನಾನು ಲೆಕ್ಕಕ್ಕೆ ಅಂತ ಹಿಡಿದಿರೋ ಅಂಕಿ, ನಿಮ್ಮ ರೆಸಾರ್ಟಿಂದು ಬೇರೆ ಇರುತ್ತೆ. 17,520 ಗುಣಿಸು 18, ಅಂದ್ರೆ 3,15,360 ಡಾಲರ್. ಮುಂಬಾಗಿಲಲ್ಲಿ ಇಬ್ಬರು ಹುಡುಗರು ನಿಂತ್ಕೊಳ್ಳೋಕೆ ವರ್ಷಕ್ಕೆ ಮೂರು ಲಕ್ಷ ಡಾಲರ್!

ಈಗ ಅದನ್ನ ಹಂಚಿ. ರೆಸಾರ್ಟಲ್ಲಿ 150 ಯೂನಿಟ್ ಇದ್ರೆ, ವರ್ಷಕ್ಕೆ 52 ವಾರ, ಒಟ್ಟು 7,800 ವಾರ-ಓನರ್‌ಗಳು, ತಲೆಗೆ ಸುಮಾರು 40 ಡಾಲರ್. 60 ಯೂನಿಟ್‌ನ ಚಿಕ್ಕ ರೆಸಾರ್ಟ್ ಆದ್ರೆ 3,120 ವಾರ, ಅದೇ ಇಬ್ಬರು ಹುಡುಗರಿಗೆ ತಲೆಗೆ 101 ಡಾಲರ್ ಬೀಳುತ್ತೆ. ರೆಸಾರ್ಟ್ ಚಿಕ್ಕದಾದಷ್ಟೂ ಫ್ರೀ ವ್ಯಾಲೆ ದುಬಾರಿ, ಇದು ನನಗೆ ಲೆಕ್ಕ ಹಾಕೋವರೆಗೂ ಹೊಳೆದಿರಲಿಲ್ಲ. ಚಿಕ್ಕ ರೆಸಾರ್ಟು, ಮನೆ ಥರ ಇದೆ, ಮುತುವರ್ಜಿಯಿಂದ ನೋಡ್ಕೋತಾರೆ ಅಂತ ಖುಷಿಪಡ್ತೀವಿ, ಆ ಮುತುವರ್ಜಿನ ಹಂಚ್ಕೊಳ್ಳೋ ತಲೆಗಳು ಕಡಿಮೆ.

ಗಾಡಿ ತರೋರೂ ಅಷ್ಟೇ ಕೊಡ್ತಾರೆ, ಏರ್‌ಪೋರ್ಟಿಂದ ಊಬರಲ್ಲಿ ಬಂದು ಊಬರಲ್ಲೇ ಹೋಗೋರೂ ಅಷ್ಟೇ ಕೊಡ್ತಾರೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಇಲ್ಲಿ ಆ ಯಾರದೋ ಅನ್ನೋರಲ್ಲಿ ನೀವೂ ಒಬ್ರು. ಫೀ ಒಂದು ಸಲ ಕಟ್ಟಿದ್ರೆ ಮುಗಿಯೋದೂ ಅಲ್ಲ, 40 ಡಾಲರ್ ವರ್ಷಕ್ಕೆ 5 ಪರ್ಸೆಂಟ್ ಏರ್ತಾ ಹೋದ್ರೆ 20 ವರ್ಷಕ್ಕೆ ಒಟ್ಟು 1,300 ಡಾಲರ್ ದಾಟುತ್ತೆ.

4. ಈಗ ನಿಮ್ಮ ಮನೆ ಲೆಕ್ಕ

ಟಿಪ್ಸ್ ಮರೀಬೇಡಿ. ವ್ಯಾಲೆ ಫ್ರೀ ಆದ್ರೂ ಆ ಹುಡುಗನಿಗೆ ಟಿಪ್ಸ್ ಕೊಡಲೇಬೇಕು, ಗಾಡಿ ತಂದು ಕೊಟ್ಟಾಗ 2ರಿಂದ 5 ಡಾಲರ್ ಇಲ್ಲಿ ವಾಡಿಕೆ. ಅವನ ಸಂಬಳನೇ ಟಿಪ್ಸ್ ಬರುತ್ತೆ ಅಂತ ಕಡಿಮೆ ಇಟ್ಟಿರ್ತಾರೆ, ಹಾಗಾಗಿ "ಫ್ರೀ ಅಲ್ವಾ" ಅಂತ ಬರಿಗೈಲಿ ಹೋಗೋದು ತಪ್ಪು, ಬಿಸಿಲಲ್ಲಿ ನಿಮ್ಮ ಗಾಡಿಗೋಸ್ಕರ ಓಡೋನು ಅವನು. ಇಲ್ಲಿ ಟಿಪ್ಸ್ ಹೆಚ್ಚಾಗಿ ಕ್ಯಾಶಲ್ಲೇ ಕೊಡೋದು, ಒಂದು ಡಾಲರಿನ ನೋಟುಗಳನ್ನ ಮುಂಚೆನೇ ಬ್ಯಾಂಕಿಂದ ತಂದು ಗಾಡಿಲಿ ಇಟ್ಕೊಳ್ಳಿ.

ವಾರಕ್ಕೆ ಏಳು ದಿನ, ದಿನಕ್ಕೆ ಎರಡು ಸಲ ಗಾಡಿ ತೆಗೆದ್ರೆ 14 ಸಲ, ಮೂರು ಮೂರು ಡಾಲರ್ ಅಂದ್ರೆ 42. ಮೇಲಿನ 40 ಸೇರ್ಸಿ, ನಿಮ್ಮ ಫ್ರೀ ವ್ಯಾಲೆಗೆ ವಾರಕ್ಕೆ 82 ಡಾಲರ್. ಪಕ್ಕದಲ್ಲೇ ಪುಕ್ಕಟೆ ಲಾಟ್ ಇದ್ರೆ 82 ಡಾಲರನ್ನ ಹೋಲಿಸ್ಬೇಕಾದ್ದು ಸೊನ್ನೆ ಜೊತೆ, ಸೇಲ್ಸ್‌ನವರು ಬರೆದು ತೋರಿಸೋ ರಾತ್ರಿಗೆ 30 ಡಾಲರ್ ಜೊತೆ ಅಲ್ಲ. ಊರ ಮಧ್ಯದ ರೆಸಾರ್ಟು, ಬೇರೆ ಪಾರ್ಕಿಂಗೇ ಇಲ್ಲ, ಪ್ರತಿ ವರ್ಷ ಗಾಡಿಲೇ ಹೋಗ್ತೀರ ಅಂದ್ರೆ ಏಳು ರಾತ್ರಿಗೆ 210 ಕೊಡೋ ಬದಲು 82, ಅದು ಲಾಭನೇ, ಇಲ್ಲ ಅನ್ನಲ್ಲ.

ಟೈಮ್‌ಗೂ ಬೆಲೆ ಇದೆ. ನಾವು ಹೋದಾಗ ಎರಡನೇ ದಿನ ರಾತ್ರಿ ಅಪ್ಪನ ಬಿಪಿ ಮಾತ್ರೆ ಡಬ್ಬಿ ಗಾಡಿ ಡ್ಯಾಶ್‌ಬೋರ್ಡ್ ಖಾನೆಲೇ ಉಳ್ಕೊಂಡಿತ್ತು. ಫೋನ್ ಮಾಡಿ, ಚೀಟಿ ನಂಬರ್ ಹೇಳಿ, ಕೆಳಗೆ ಹೋಗಿ ನಿಂತ್ರೆ ಗಾಡಿ ಬರೋಕೆ 25 ನಿಮಿಷ. ನಾನು ಬಾಗಿಲಲ್ಲಿ, ಮೇಲೆ ಅಮ್ಮ ಮೂರು ಸಲ ಫೋನ್ ಮಾಡಿದ್ರು, ಸಿಕ್ತಾ ಸಿಕ್ತಾ ಅಂತ. ಲಾಟಲ್ಲಿ ನಾನೇ ನಿಲ್ಸಿದ್ರೆ ಐದು ನಿಮಿಷದ ಕೆಲಸ. ಬೆಳಗ್ಗೆ ಎಂಟಕ್ಕೆ ಎಲ್ಲರೂ ಥೀಮ್ ಪಾರ್ಕಿಗೆ ಒಟ್ಟಿಗೆ ಹೊರಡೋ ಹೊತ್ತಲ್ಲಿ ಇನ್ನೂ ಕಷ್ಟ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೇಲಿದ್ರೆ ಬಾಗಿಲಲ್ಲಿ ಇಳಿಸಿ ಗಾಡಿ ನೀವೇ ನಿಲ್ಸಿ ಬನ್ನಿ, ಅದಕ್ಕೆ ಯಾರೂ ದುಡ್ಡು ಕೇಳಲ್ಲ.

5. ಜೀವನ ಪೂರ್ತಿ ಅಂದ್ರೆ ಎಲ್ಲಿ ಬರೆದಿದೆ ತೋರ್ಸಿ ಅನ್ನಿ

ಬಾಯಲ್ಲಿ ಹೇಳಿದ್ದು ಕಾಂಟ್ರ್ಯಾಕ್ಟಲ್ಲಿ ಇರಲ್ಲ. ನಮ್ಮ ಫ್ರೆಂಡಿನ ಪೇಪರ್‌ಗಳಲ್ಲಿ ಇದ್ದಿದ್ದು, ಸವಲತ್ತುಗಳನ್ನ ಕಂಪನಿ ಯಾವಾಗ ಬೇಕಾದ್ರೂ ಬದಲಾಯಿಸಬಹುದು ಅಥವಾ ನಿಲ್ಲಿಸಬಹುದು ಅನ್ನೋ ಒಂದು ಸಾಲು, ಅದಕ್ಕೆ ಪಕ್ಕದಲ್ಲಿ ಅವ್ರ ಇನಿಶಿಯಲ್ಲೂ ಹಾಕ್ಸಿದ್ರು. ಫ್ಲೋರಿಡಾ ಕಾನೂನಲ್ಲಿ ಇನ್ಸಿಡೆಂಟಲ್ ಬೆನಿಫಿಟ್ ಅಂತ ಒಂದು ಬಗೆನೇ ಇದೆ, 721.075ನೇ ಸೆಕ್ಷನ್, ಕೊಳ್ಳೋರಿಗೆ ಹೆಚ್ಚುವರಿಯಾಗಿ ತೋರಿಸೋ ಇಂಥ ಸವಲತ್ತಿನ ಖರ್ಚನ್ನ ಓನರ್‌ಗಳ ಸಾಮಾನ್ಯ ಖರ್ಚಿಗೆ ಸೇರಿಸೋ ಹಾಗಿಲ್ಲ ಅನ್ನುತ್ತೆ. ಹಾಗಾಗಿ ಸೇಲ್ಸ್‌ನವರನ್ನ ಕೇಳಿ, ವ್ಯಾಲೆ ಇನ್ಸಿಡೆಂಟಲ್ ಬೆನಿಫಿಟ್ಟಾ ಅಥವಾ ಬಜೆಟ್ಟಲ್ಲಿ ಇರೋ ಸರ್ವೀಸಾ? ಮೊದಲ್ನೇದು ಅಂದ್ರೆ ಅದು ಶಾಶ್ವತ ಅಲ್ಲ. ಎರಡನೇದು ಅಂದ್ರೆ ಅದು ಫ್ರೀ ಅಲ್ಲ.

ಪಾರ್ಕಿಂಗ್ ವಿಷಯದಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಎಷ್ಟು ಸಲ ಮನಸ್ಸು ಬದಲಾಯಿಸಿವೆ ನೋಡಿ. ಲಾಸ್ ವೇಗಸ್ಸಲ್ಲಿ ದಶಕಗಳಿಂದ ಕ್ಯಾಸಿನೊ ಪಾರ್ಕಿಂಗ್ ಫ್ರೀ ಇತ್ತು, 2016ರಲ್ಲಿ ಎಂಜಿಎಂ ರೆಸಾರ್ಟ್ಸ್ ಚಾರ್ಜ್ ಶುರು ಮಾಡ್ತು, ಬೇರೆಯವರು ಹಿಂದೆನೇ ಬಂದ್ರು. ಡಿಸ್ನಿ ವರ್ಲ್ಡ್ ಹೋಟೆಲ್‌ಗಳಲ್ಲಿ 2018ರ ಮಾರ್ಚಲ್ಲಿ ರಾತ್ರಿ ಸೆಲ್ಫ್ ಪಾರ್ಕಿಂಗಿಗೆ ದುಡ್ಡು ತಗೊಳ್ಳೋಕೆ ಶುರು ಮಾಡಿ 2023ರ ಜನವರಿಲಿ ಕೈಬಿಟ್ರು. ಆ ಐದು ವರ್ಷ ಪಾಯಿಂಟ್ಸಲ್ಲಿ ಉಳ್ಕೊಳ್ಳೋ ಡಿಸ್ನಿ ವೆಕೇಶನ್ ಕ್ಲಬ್ (ಡಿಸ್ನಿಯವರದೇ ಟೈಮ್‌ಶೇರ್) ಮೆಂಬರ್‌ಗಳಿಗೆ ಆ ಸೆಲ್ಫ್ ಪಾರ್ಕಿಂಗ್ ಚಾರ್ಜ್ ಇರಲಿಲ್ಲ, ವ್ಯಾಲೆಗೆ ಮಾತ್ರ ಬೇರೆ ರೇಟು. ಇಪ್ಪತ್ತು ಮೂವತ್ತು ವರ್ಷದ ಕಾಂಟ್ರ್ಯಾಕ್ಟನ್ನ ಇಂಥ ಅಲ್ಲಾಡೋ ಸವಲತ್ತಿನ ಮೇಲೆ ನಿಲ್ಲಿಸಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ.

ಕೊಳ್ಳದೆ ಬರೀ ರೂಮ್ ಬುಕ್ ಮಾಡಿ ಹೋಗೋರಿಗೆ ಒಂದು ಮಾತು: 2025ರ ಮೇ 12ರಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರೂಲ್ ಪ್ರಕಾರ ಕಡ್ಡಾಯವಾಗಿ ಕಟ್ಟಬೇಕಾದ ಫೀಗಳೆಲ್ಲ ತೋರಿಸೋ ಬೆಲೇಲೇ ಸೇರಿರ್ಬೇಕು. ಬೇಕಾದ್ರೆ ತಗೊಳ್ಳೋ ವ್ಯಾಲೆ ಅದರಲ್ಲಿ ಬರದೇ ಇರಬಹುದು, ಪ್ರತ್ಯೇಕ ಕೇಳಿ.

6. ಪಾರ್ಕಿಂಗ್ ಪಾಸ್ ಅಂತ ಪಕ್ಕದ ಟೇಬಲಿಗೆ ಕಳ್ಸಿದ್ರೆ

ಇದು ಎಷ್ಟೋ ರೆಸಾರ್ಟಲ್ಲಿ ನಡೆಯೋದು. ಚೆಕ್‌ಇನ್ ಆಗುತ್ತೆ, ರೂಮ್ ಕಾರ್ಡ್ ಕೊಡ್ತಾರೆ, ಆಮೇಲೆ "ಪಾರ್ಕಿಂಗ್ ಪಾಸ್ ಆ ಟೇಬಲಲ್ಲಿ ತಗೊಳ್ಳಿ" ಅಂತಾರೆ. ಆ ಟೇಬಲ್ ಸೇಲ್ಸ್‌ನವರದು. ನಮಗೂ ಹಾಗೇ ಆಯ್ತು, ಆಯಮ್ಮ ನಗುನಗ್ತಾ ಮ್ಯಾಪ್ ಬಿಡಿಸಿ, ಯಾವ ಪಾರ್ಕಿಗೆ ಹೋಗ್ತೀರ, ಮಕ್ಕಳೆಷ್ಟು ಅಂತೆಲ್ಲ ವಿಚಾರಿಸಿ, ಪಾಸನ್ನ ಮ್ಯಾಪ್ ಕೆಳಗೆ ಕೈಯಲ್ಲೇ ಹಿಡ್ಕೊಂಡು, ನಾಳೆ ಬೆಳಗ್ಗೆ 90 ನಿಮಿಷ ಬನ್ನಿ, 100 ಡಾಲರ್ ಗಿಫ್ಟ್ ಕಾರ್ಡ್ ಅಂದ್ರು. ಪಾಸ್ ಬೇಕು ಅಂದ್ರೆ ಮೀಟಿಂಗ್ ಒಪ್ಕೊಳ್ಳಲೇಬೇಕೇನೋ ಅನ್ನೋ ಹಾಗೆ ಅನ್ಸುತ್ತೆ. ಹಾಗೇನಿಲ್ಲ. "ಮೀಟಿಂಗ್ ಬೇಡ ಮೇಡಂ, ಪಾಸ್ ಮಾತ್ರ ಕೊಡಿ" ಅನ್ನಿ, ಕೊಡ್ಲಿಲ್ಲ ಅಂದ್ರೆ ಸೀದಾ ಫ್ರಂಟ್ ಡೆಸ್ಕಿಗೆ ವಾಪಸ್ ಹೋಗಿ. ನಾವು ಒಪ್ಕೊಂಡು ಹೋದ 90 ನಿಮಿಷ ಮೂರೂವರೆ ಗಂಟೆ ಆಯ್ತು, ಅಪ್ಪ ಅಮ್ಮ ರೂಮಲ್ಲೇ ಕಾದ್ರು.

7. ಕೀ ಕೊಡೋ ಮುಂಚೆ

ಗಾಡಿ ಸುತ್ತ ಒಂದು ವಿಡಿಯೋ ತೆಗೀರಿ, ಮೈಲೇಜ್ ಕಾಣೋ ಹಾಗೆ ಒಂದು ಫೋಟೋ, ಚೀಟಿದೂ ಒಂದು ಫೋಟೋ. ನೀವೇ ಲಾಟಲ್ಲಿ ನಿಲ್ಸಿದ್ರೆ ಸಾಮಾನ್ಯವಾಗಿ ನಿಮ್ಮ ಜವಾಬ್ದಾರಿ, ಕೀ ಅವರ ಕೈಗೆ ಕೊಟ್ಟ ಮೇಲೆ ಗಾಡಿ ಜೋಪಾನವಾಗಿ ನೋಡ್ಕೊಳ್ಳೋದು ಅವರ ಹೊಣೆ, ಆದ್ರೆ ಚೀಟಿ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿರ್ತಾರೆ, ಗೀಚು ಬಿದ್ದಿದ್ದು ಅಲ್ಲೇ ಅಂತ ತೋರಿಸೋಕೆ ನಿಮ್ಮ ಹತ್ರ ಫೋಟೋ ಇರ್ಬೇಕು. ಬಾಡಿಗೆ ಗಾಡಿ ಆದ್ರೆ ವ್ಯಾಲೆಯವರು ಓಡಿಸಿದ್ರೆ ಇನ್ಶೂರೆನ್ಸ್ ಬರುತ್ತಾ ಅಂತ ಬಾಡಿಗೆ ಕಂಪನಿನ ಮುಂಚೆನೇ ಕೇಳಿ. ಬಾಡಿಗೆ ಗಾಡಿಗಳ ಎರಡು ಕೀನೂ ಎಷ್ಟೋ ಸಲ ಒಂದೇ ತಂತಿಲಿ ಕಟ್ಟಿರ್ತಾರೆ, ಕಳೆದ್ರೆ ಎರಡೂ ಕಳೀತು. ಟೆಸ್ಲಾ ಇರೋರು ವ್ಯಾಲೆ ಮೋಡ್ ಹಾಕಿ, ಸ್ಪೀಡ್ ಕಟ್ಟಾಗುತ್ತೆ, ಡ್ಯಾಶ್‌ಬೋರ್ಡ್ ಖಾನೆ, ಮುಂದಿನ ಡಿಕ್ಕಿ ಲಾಕ್ ಆಗುತ್ತೆ, ಮನೆ ಅಡ್ರೆಸ್ ಕಾಣಲ್ಲ. ಪಾಸ್‌ಪೋರ್ಟು, ಮಾತ್ರೆ, ಒಡವೆ ಗಾಡಿಲಿ ಬಿಡಬೇಡಿ.

8. ಸೈನ್ ಹಾಕಿ ಆಗಿದ್ರೆ

ಗಾಬರಿ ಬೇಡ, ಆದ್ರೆ ದಿನ ಎಣಿಸಿ. ಫ್ಲೋರಿಡಾದಲ್ಲಿ 10 ದಿನದೊಳಗೆ ರದ್ದು ಮಾಡಬಹುದು, ಸೈನ್ ಹಾಕಿದ ದಿನ ಅಥವಾ ದಾಖಲೆಗಳೆಲ್ಲ ಕೈಗೆ ಬಂದ ದಿನ, ಯಾವುದು ಆಮೇಲೋ ಅದರಿಂದ. ಕ್ಯಾಲಿಫೋರ್ನಿಯಾ, ಹವಾಯಿ 7 ದಿನ, ನೆವಾಡಾ 5 ದಿನ. ಕಾರಣ ಹೇಳ್ಬೇಕಾಗಿಲ್ಲ. ಈ ಹಕ್ಕು ಬೇಡ ಅಂತ ಬರೆಸ್ಕೊಂಡಿದ್ರೂ ಫ್ಲೋರಿಡಾದಲ್ಲಿ ಅದಕ್ಕೆ ಬೆಲೆ ಇಲ್ಲ. ಫೋನ್ ಮಾಡ್ತಾ ಕೂರಬೇಡಿ, ಫೋನಲ್ಲಿ ಇನ್ನೊಂದು ಆಫರ್ ಹೇಳಿ ದಿನ ಕಳೀತಾರೆ. ರದ್ದು ಮಾಡೋ ಅಡ್ರೆಸ್ ಕಾಂಟ್ರ್ಯಾಕ್ಟಲ್ಲೇ ಇರುತ್ತೆ, ಅದಕ್ಕೆ ಲೆಟರ್ ಬರೀರಿ, ಕಾಂಟ್ರ್ಯಾಕ್ಟ್ ನಂಬರ್, ಸೈನ್ ಹಾಕಿದ ತಾರೀಖು, ರದ್ದು ಮಾಡ್ತಿದೀವಿ ಅನ್ನೋ ಒಂದು ವಾಕ್ಯ, ಸೈನ್ ಹಾಕಿದ ಎಲ್ಲರ ಸಹಿ, ಗಂಡ ಹೆಂಡತಿ ಇಬ್ಬರೂ ಹಾಕಿದ್ರೆ ಇಬ್ಬರದೂ. ಪೋಸ್ಟ್ ಆಫೀಸಿಗೆ ಹೋಗಿ ಸರ್ಟಿಫೈಡ್ ಮೇಲ್‌ನಲ್ಲಿ (ಕಳ್ಸಿದ್ದಕ್ಕೆ ರಸೀದಿ ಸಿಗೋ ಪೋಸ್ಟು) ಕಳ್ಸಿ, ಫ್ಲೋರಿಡಾದಲ್ಲಿ ಪೋಸ್ಟ್‌ಮಾರ್ಕ್ ಅಂದ್ರೆ ಅಂಚೆ ಮುದ್ರೆ ತಾರೀಖೇ ಲೆಕ್ಕ.

ನಮ್ಮ ಫ್ರೆಂಡ್ ಅಟ್ಲಾಂಟಾಗೆ ವಾಪಸ್ ಬಂದ ಮಾರನೇ ದಿನ, ಸೈನ್ ಹಾಕಿ ಆರನೇ ದಿನ, ಅವ್ರ ಹೆಂಡತಿ ಜೊತೆ ಹೋಗಿ ಕಳ್ಸಿದ್ರು. ಕೌಂಟರಲ್ಲಿದ್ದವರಿಗೆ ಮುದ್ರೆ ಚೆನ್ನಾಗಿ ಕಾಣೋ ಹಾಗೆ ಒತ್ತಿ ಅಂತ ಹೇಳಿ, ಆ ಹಸಿರು ಬಿಳಿ ರಸೀದಿನ ಫೋಟೋ ತೆಗೆದು ನನಗೂ ಭಾವನಿಗೂ ಕಳ್ಸಿದ್ರು. ಕಟ್ಟಿದ್ದ ಮುಂಗಡ ಪೂರ್ತಿ ಕಾರ್ಡಿಗೆ ವಾಪಸ್ ಬಂತು. ಭಾವ ತಮ್ಮ ವಾರ ಇನ್ನೂ ಇಟ್ಕೊಂಡಿದಾರೆ, ಈ ವರ್ಷ ಅಸೋಸಿಯೇಶನ್ ಮೀಟಿಂಗಲ್ಲಿ ವ್ಯಾಲೆನ ರಾತ್ರಿ ಹೊತ್ತು ನಿಲ್ಲಿಸಿ ಬೆಳಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಮಾತ್ರ ಇಡಿ, ಆ ಖರ್ಚನ್ನ ಬೇರೆ ಸಾಲಲ್ಲಿ ತೋರ್ಸಿ ಅಂತ ಬರೆದು ಕೊಟ್ಟಿದಾರೆ.